ಹದಿನಾಲ್ಕು ಗಂಟೆಯ ದಾರಿ

ಆಶ್‌ಬರ್ಟನ್, ನ್ಯೂಜಿಲೆಂಡ್
14 ಸೆಪ್ಟೆಂಬರ್ 2024

ಅಕ್ಕ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ, ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಭಾವನದ್ದೂ ಮಾಡಿದ್ದೇನೆ, ನಿನ್ನ ಮಗಳು ಶ್ರುತಿಯದ್ದೂ ಮಾಡಿದ್ದೇನೆ. ನಿನ್ನ ಧ್ವನಿ ಕೇಳಿದರೆ ನಾನು ಕಿರುಚುತ್ತೇನೆ, ನಾನು ಕಿರುಚಿದರೆ ನೀನು ಅಳುತ್ತೀಯ, ನೀನು ಅತ್ತರೆ ಕೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೆ ಕಾಗದ.

ಕೇಳಬೇಕಾದ್ದು ಒಂದೇ. ಯಾಕೆ ಕಾಯಲಿಲ್ಲ?

ಅವತ್ತು ಗುರುವಾರ ಮಧ್ಯಾಹ್ನ, ಬೆಂಗಳೂರಿನಿಂದ ಮಾಡಿಕೊಂಡು ಬಂದ ಕಾರು ಸಿಂಗಟಗೆರೆಯ ನಮ್ಮ ತೆಂಗಿನ ತೋಟದ ಮುಂದೆ ನಿಂತಾಗ, ಅಪ್ಪನ ಗದ್ದುಗೆಯ ಪಕ್ಕದಲ್ಲಿ ಹಸಿ ಮಣ್ಣಿನ ಗುಡ್ಡೆ ಕಂಡಿತು. ಮೇಲಿನ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಡ್ರೈವರ್ ಪಾಪ, 'ಮೇಡಂ, ಇದೇನಾ ಜಾಗ' ಅಂದ. ಇದೇ ಅಂದೆ. ಬುಧವಾರ ಮಧ್ಯಾಹ್ನವೇ ಅವ್ವನ ಮಣ್ಣು ಮುಗಿದಿತ್ತು. ಒಂದು ದಿನ, ಅಕ್ಕ. ನಿನಗೆ ಒಂದು ದಿನ ಕಾಯಲಿಕ್ಕೆ ಆಗಲಿಲ್ಲ.

ಅವ್ವ ನಮ್ಮಿಬ್ಬರಿಗೂ ಏನು ಹೇಳುತ್ತಿದ್ದಳು, ನೆನಪಿದೆಯಾ? 'ಗಂಡ್ಮಕ್ಳು ಇಲ್ಲ ಅಂದ್ರೇನು, ನನ್ನ ಎಲ್ಡು ಹೆಣ್ಮಕ್ಳೂ ಒಂದೊಂದು ಹಿಡಿ ಮಣ್ಣು ಹಾಕ್ತವೆ, ನಂಗಷ್ಟು ಸಾಕು.' ಊರಿನವರ ಮುಂದೆಲ್ಲ ಹೇಳಿದ ಮಾತು. ನೀನು ನಿನ್ನ ಹಿಡಿ ಹಾಕಿಕೊಂಡೆ. ನನ್ನದು?

ಮೊನ್ನೆ ಇಲ್ಲಿ ನಾನು ಕೆಲಸ ಮಾಡುವ ಹಾಲಿನ ಫಾರ್ಮಿನಲ್ಲಿ ಒಂದು ಹಸು ಕರು ಹಾಕಿ ಸತ್ತಿತು. ಕರುವನ್ನು ಬೇರೆ ಶೆಡ್ಡಿಗೆ ಎತ್ತಿಕೊಂಡು ಹೋಗುವ ಕೆಲಸ ನನ್ನದು. ಹೋಗುವ ಮೊದಲು ಅದಕ್ಕೆ ತಾಯಿಯನ್ನು ಒಂದು ಸಲ ಮೂಸಲು ಬಿಟ್ಟೆ. ನಮ್ಮ ಮ್ಯಾನೇಜರ್ ಕೂಡ ತಡೆಯಲಿಲ್ಲ. ಪರದೇಶದವನು, ದನದ ವ್ಯಾಪಾರದವನು, ಅವನಿಗೇ ಅಷ್ಟು ಗೊತ್ತಾಯಿತು.

ಅವತ್ತು ನಿನ್ನ ಕೈಯಿಂದ ನೀರು ಕೂಡ ಕುಡಿಯದೆ ಹೊರಟದ್ದಕ್ಕೆ ನನಗೆ ಬೇಜಾರಿಲ್ಲ. ಕಡೂರಿನ ಲಾಡ್ಜಿನಲ್ಲಿ ಎರಡು ದಿನ ಮಲಗಿದ್ದು ವಾಪಸು ಬಂದೆ.

ಉತ್ತರ ಬರೆದರೆ ಬರೆ.

ದೀಪಶ್ರೀ

—

ಅಜ್ಜಂಪುರ
8 ಅಕ್ಟೋಬರ್ 2024

ದೀಪು,

ಕಾಗದದ ಮೊದಲಿಗೆ ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿದ್ದೀಯ ಅಂತ ತಿಳಿದಿದ್ದೇವೆ ಅಂತ ಬರೆಯಬೇಕಂತೆ. ಶಾಲೆಯಲ್ಲಿ ಹಾಗೇ ಕಲಿಸಿದ್ದರು. ನಾನು ಚೆನ್ನಾಗಿಲ್ಲ. ನೀನೂ ಚೆನ್ನಾಗಿಲ್ಲ. ಅದನ್ನು ದಾಟಿ ಮುಂದಕ್ಕೆ ಹೋಗೋಣ.

ಹೆಸರು ಪೂರ್ತಿ ಬರೆದು ಸಹಿ ಮಾಡಿದ್ದೀಯಲ್ಲ, ಬ್ಯಾಂಕಿನವರಿಗೆ ಬರೆದ ಹಾಗೆ. ಇರಲಿ. ನಾನು ದೀಪು ಅಂತಲೇ ಕರೆಯುವವಳು, ನಿನ್ನ ಮೂಗು ಒರೆಸಿದವಳು.

ಕಾದೆ ಕಣೇ. ಹೇಳಿದ ಹೊತ್ತಿಗಿಂತ ಜಾಸ್ತಿಯೇ ಕಾದೆ. ಮಂಗಳವಾರ ಬೆಳಗ್ಗೆ ನಮ್ಮ ಮನೆಯ ನಡುಮನೆಯಲ್ಲೇ ಅವ್ವನ ಜೀವ ಹೋಯಿತು. ನೀನು 'ಹೊರಟೆ, ನಾನು ಬರೋವರೆಗೂ ಕಾಯಿರಿ' ಅಂತ ಮೆಸೇಜು ಹಾಕಿದೆ. ಆಮೇಲೆ ನಿನ್ನ ಫೋನು ಆಫ್. ಅವ್ವನನ್ನು ಸಿಂಗಟಗೆರೆಗೆ ತಂದು, ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ದೊಡ್ಡಪ್ಪನ ಮನೆಯ ಜಗುಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆವು. ಒಂದು ಸಲ ಕೂರಿಸಿದ ಮೇಲೆ ನಮ್ಮ ಕೈಯಲ್ಲಿ ಏನಿರುತ್ತದೆ ಹೇಳು. ಶ್ರಾವಣವಾದರೂ ಈ ಸಲ ಮೋಡ ಕಟ್ಟಿ ಸೆಕೆಯೇ. ಬುಧವಾರ ಬೆಳಿಗ್ಗೆಯಿಂದಲೇ ಬಸವರಾಜಪ್ಪ ದೊಡ್ಡಪ್ಪ, 'ಏನಮ್ಮಾ ಸೌಮ್ಯ, ನಿನ್ ತಂಗಿ ಎಲ್ಲವ್ಳೆ, ಎಷ್ಟೊತ್ತು ಇಟ್ಕೊಂಡ್ ಕೂರಾಣ' ಅಂತ ಕೇಳುತ್ತಲೇ ಇದ್ದರು. ಕ್ರಿಯೆ ಮಾಡಿಸುವ ಅಯ್ಯನವರು ಎರಡು ಸಲ ಬಂದು ಹೋದರು. ಗುಣಿ ತೋಡಿದವರು ತೆಂಗಿನ ಬುಡದಲ್ಲಿ ಕೂತು ಬೀಡಿ ಸೇದುತ್ತಾ ನನ್ನ ಮುಖ ನೋಡುತ್ತಿದ್ದರು. ಮಧ್ಯಾಹ್ನದವರೆಗೆ ಎಳೆದೆ. ಇನ್ನೂ ಎಳೆದಿದ್ದರೆ ಅವ್ವನಿಗೆ ಅವಮಾನ ಆಗುತ್ತಿತ್ತು. ಯಾವ ಥರದ ಅವಮಾನ ಅಂತ ಬಿಡಿಸಿ ಬರೆಸಬೇಡ.

ನಿನ್ನ ಹಿಡಿ ಮಣ್ಣು ಎಲ್ಲೂ ಹೋಗಿಲ್ಲ. ಗದ್ದುಗೆ ಕಟ್ಟಿಸಲು ದೊಡ್ಡಪ್ಪ ಗಾರೆಯವನನ್ನು ಕರೆಸಿದ್ದರು. ನಾನು ಬೇಡ ಅಂದೆ. ಮಣ್ಣಾಗಿಯೇ ಇರಲಿ, ದೀಪು ಬಂದು ಹಾಕಿದ ಮೇಲೆ ಕಲ್ಲು ಕಟ್ಟೋಣ ಅಂದೆ. ವರ್ಷ ತುಂಬುವುದರೊಳಗೆ ಒಂದು ಸಲ ಬಾ.

ನಾನೂ ಒಂದು ಕೇಳುತ್ತೇನೆ. ಹೊರಟೆ ಅಂತ ಮೆಸೇಜು ಹಾಕಿದಾಗ ನೀನು ಎಲ್ಲಿದ್ದೆ?

ಅಕ್ಕ

—

ಆಶ್‌ಬರ್ಟನ್
10 ನವೆಂಬರ್ 2024

ಅಕ್ಕ,

'ಹೇಳಿದ ಹೊತ್ತು' ಅಂತ ಬರೆದಿದ್ದೀಯ. ಯಾರು ಹೇಳಿದ ಹೊತ್ತು? ನಾನಂತೂ ಇಂಥ ಹೊತ್ತಿಗೆ ಬರುತ್ತೇನೆ ಅಂತ ಮೆಸೇಜಿನಲ್ಲಿ ಹಾಕಿರಲಿಲ್ಲ. ಕಾಯಿರಿ ಅಂತ ಹಾಕಿದ್ದೆ. ಕನ್ನಡದಲ್ಲೇ ಹಾಕಿದ್ದೆ.

ಯಾರು ಹೇಳಿದ್ದು ಅಂತ ನಾನು ಹೇಳಲಾ? ಕಡೂರಿನ ಲಾಡ್ಜಿನಲ್ಲಿ ಮಲಗಿದ್ದ ಶುಕ್ರವಾರ ಭಾವನ ತಂಗಿಯ ಸ್ಟೇಟಸ್ ನೋಡಿದೆ. ಅವರ ಮಗಳ ನಿಶ್ಚಿತಾರ್ಥ, ತರೀಕೆರೆಯ ಸಮುದಾಯ ಭವನದಲ್ಲಿ. ಹುಡುಗಿಯ ಹಿಂದೆ ಭಾವ ನಿಂತಿದ್ದಾರೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಅವ್ವನನ್ನು ಮಣ್ಣು ಮಾಡಿ ಎರಡೇ ದಿನ. ನಮ್ಮಲ್ಲಿ ಸೂತಕವಿಲ್ಲ, ಗೊತ್ತು. ಬುಧವಾರವೇ ಮುಗಿಸಿದರೆ ಶುಕ್ರವಾರದ ಕಾರ್ಯ ನಿಲ್ಲಿಸಬೇಕಾಗಿಲ್ಲ. ನಾನು ಗುರುವಾರ ಬಂದು, ಆಮೇಲೆ ಮಣ್ಣು ಮಾಡಿ, ಅಳುವವರು ಅತ್ತು, ಊಟದವರು ಉಂಡು ಏಳುವಷ್ಟರಲ್ಲಿ ಅದು ಕೆಡುತ್ತಿತ್ತು. ಛತ್ರಕ್ಕೆ ಮುಂಗಡ ಕೊಟ್ಟಿದ್ದರಲ್ಲ.

ಭಾವ ಕೆಟ್ಟವರು ಅಂತ ನಾನು ಅನ್ನುವುದಿಲ್ಲ. ಮೋಟಾರು ರಿವೈಂಡಿಂಗ್ ಅಂಗಡಿ ಬಿಟ್ಟರೆ ಅವರಿಗೆ ತಮ್ಮ ತಂಗಿಯೇ ಲೋಕ. ಆದರೆ ನೀನು ಯಾರ ಮಗಳು? ಮೂರು ವರ್ಷ ಅವ್ವನನ್ನು ಮನೆಯಲ್ಲಿಟ್ಟುಕೊಂಡೆ, ಉಣ್ಣಿಸಿದೆ, ತೊಳೆದೆ, ಎಲ್ಲ ಸರಿ. ಸುಸ್ತಾಗಿತ್ತು ನಿನಗೆ. ಬೇಗ ಮುಗಿಯಲಿ ಅನ್ನಿಸಿತ್ತು. ಹಾಗೆ ಅನ್ನಿಸುವುದು ತಪ್ಪಲ್ಲ, ಆದರೆ ಅದನ್ನು ಒಪ್ಪಿಕೋ. 'ಎಳೆದೆ' ಅಂತ ಬರೆದಿದ್ದೀಯಲ್ಲ, ಅದೇ ಮಾತು ಸಾಕು ನನಗೆ.

ಮಣ್ಣು ಹಾಕಲು ಬಾ ಅಂತೀಯ. ಮುಚ್ಚಿದ ಮೇಲೆ ಹಾಕಿದರೆ ಅದು ಅವ್ವನಿಗೆ ಹಾಕಿದ ಮಣ್ಣಲ್ಲ. ತೋಟಕ್ಕೆ ಹಾಕಿದ ಮಣ್ಣು.

ನಾನು ಎಲ್ಲಿದ್ದೆ ಅಂತ ಕೇಳಿದ್ದೀಯ. ದಾರಿಯಲ್ಲಿದ್ದೆ.

ದೀಪಶ್ರೀ

—

ಅಜ್ಜಂಪುರ
15 ಡಿಸೆಂಬರ್ 2024

ದೀಪು,

ನಿನ್ನ ಕಾಗದವನ್ನು ನನ್ನ ಅಂಗಡಿಯಲ್ಲಿ ಓದಿದೆ, ಹೊಲಿಗೆ ಮಿಷನ್ ಮುಂದೆ ಕೂತು. ಪಕ್ಕದ ಮನೆ ಅಂಬಮ್ಮ ರವಿಕೆ ತಗೊಂಡು ಹೋಗಲು ಬಂದವಳು, 'ಯಾಕ್ ಸೌಮ್ಯ, ಯಾರ್ದು ಕಾಗ್ದ' ಅಂದಳು. ಕರೆಂಟಿನ ಆಫೀಸಿನದು ಅಂದೆ. ಅವಳ ಎದುರೇ ಮುಗಿಸಿಕೊಟ್ಟ ರವಿಕೆಯ ತೋಳು ಎಡಬಲ ಮಾಡಿ ಹೊಲಿದಿದ್ದೇನೆ ಅಂತ ಮಾರನೇ ದಿನ ಗೊತ್ತಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಆ ತಪ್ಪು ಮಾಡಿದವಳಲ್ಲ.

ಅವ್ವ ಹೋದ ದಿನದಿಂದ ಒಂದು ಮಾತು ನುಂಗಿಕೊಂಡಿದ್ದೆ. ನಿನಗೆ ಹೇಳಬಾರದು, ಹೇಳಿದರೆ ನೀನು ಆ ಊರಿನಲ್ಲಿ ಒಬ್ಬಳೇ ಹೇಗೆ ತಡೆದುಕೊಳ್ಳುತ್ತೀಯ ಅಂತ ಹಲ್ಲು ಕಚ್ಚಿಕೊಂಡಿದ್ದೆ. ಇನ್ನು ಯಾಕೆ ಕಚ್ಚಲಿ? ಕೇಳು.

ಯಾರು ಹೇಳಿದ ಹೊತ್ತು ಅಂತ ಕೇಳಿದೆಯಲ್ಲ. ನೀನು ಹೇಳಿದ ಹೊತ್ತು.

ನೀನು ಹೋಗುವ ಮುಂಚೆ ಅವ್ವ ಊಟ ಬಿಟ್ಟು ಕೂತಿದ್ದು ಮರೆತೆಯಾ? ತರೀಕೆರೆಯ ದನದ ಆಸ್ಪತ್ರೆಯ ಕೆಲಸ ಇದ್ದೇ ಇದೆಯಲ್ಲ, ಅಷ್ಟು ದೂರ ಯಾಕೆ ಅಂತ ಹಟ ಹಿಡಿದಿದ್ದಳು. ಆಗ ನೀನು ಫೋನಿನಲ್ಲಿ ಒಂದು ಪುಟ ತೆಗೆದು ತೋರಿಸಿದೆ. ಎರಡು ಏರ್‌ಪೋರ್ಟಿನ ಹೆಸರು ಹಾಕಿದರೆ ನಡುವೆ ಎಷ್ಟು ಕಿಲೋಮೀಟರು, ಎಷ್ಟು ಗಂಟೆ ಅಂತ ಬರುವ ಪುಟ. ಬೆಂಗಳೂರಿನಿಂದ ಕ್ರೈಸ್ಟ್‌ಚರ್ಚಿಗೆ ಸಮುದ್ರದ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆ. ಹದಿನಾಲ್ಕು ಗಂಟೆ. 'ನೋಡವ್ವ, ಕಾಶಿಗೆ ಹೋಗುವಾಗ ಎರಡು ದಿನ ರೈಲಿನಲ್ಲಿ ಕೂತಿದ್ದೆಯಲ್ಲ, ಇದು ಅದರ ಅರ್ಧ ಕೂಡ ಇಲ್ಲ. ಬೆಳಿಗ್ಗೆ ಕರೆದರೆ ರಾತ್ರಿ ಬಂದಿರ್ತೀನಿ' ಅಂದೆ. ಅವ್ವ ಅವತ್ತು ರಾತ್ರಿ ಮುದ್ದೆ ಉಂಡಳು. ಆ ಪುಟದ ಚಿತ್ರವನ್ನು ಶ್ರುತಿಯ ಫೋನಿಗೂ ಕಳಿಸಿದೆ.

ಅಲ್ಲಿಂದ ಅವ್ವನ ಬಾಯಲ್ಲಿ ಅದೇ. ಹಾಲಿನವನಿಗೆ, ಹೂವಿನವಳಿಗೆ, ಸಂತೆಯಿಂದ ಬರುವವರಿಗೆಲ್ಲ. 'ನನ್ನ ಕಿರೇ ಮಗ್ಳು ಬೋ ದೂರ ಏನಿಲ್ಲ ಕಣ್ರೀ, ಹದಿನಾಕು ಗಂಟೆ ಅಷ್ಟೇಯ.' ಕೆಲವರು ಕೊಂಕು ತೆಗೆಯುತ್ತಿದ್ದರು, ಅಷ್ಟು ಹತ್ರ ಇದ್ದೋಳು ಎರಡು ವರ್ಷದಿಂದ ಒಂದು ಸಲಾನೂ ಬರಲಿಲ್ಲವಲ್ಲ ಅಂತ. ಅವ್ವ ಅವರ ಜೊತೆ ಮಾತು ಬಿಟ್ಟಳು.

ಆಗಸ್ಟಿನಲ್ಲಿ ಅವಳ ಕಾಲು ಊದಿತು, ಉಸಿರು ಎಳೆಯುತ್ತಿತ್ತು. ಡಾಕ್ಟರು ಹೇಳುವುದನ್ನು ಹೇಳಿಬಿಟ್ಟಿದ್ದರು. ನಾನು ನಿನಗೆ ಫೋನು ಮಾಡುತ್ತೇನೆ, ಬರಲಿ ಅಂದೆ. ಅವ್ವ ನನ್ನ ಕೈ ಹಿಡಿದುಕೊಂಡಳು. 'ಈಗ್ಲೇ ಯಾಕೆ ಕರೀತೀಯೇ, ಅಲ್ಲಿ ಕರು ಹಾಕೋ ಕಾಲ ಅಂತೆ, ಕೆಲ್ಸ ಕೆಡ್ತದೆ. ಹದಿನಾಕು ಗಂಟೆ ದಾರಿ. ನಂಗೆ ಗೊತ್ತಾಯ್ತದೆ, ಆಗ ಹೇಳ್ತೀನಿ, ಕರಿ.' ಆಣೆ ಹಾಕಿಸಿಕೊಂಡಳು. ಸೋಮವಾರ ಸಂಜೆ ಕೂಡ ಕೇಳಿದೆ. 'ಇನ್ನೂ ಇಲ್ಲ' ಅಂದಳು. ಅವಳು ಲೆಕ್ಕ ಹಾಕುತ್ತಿದ್ದಳು ದೀಪು, ನೀನು ಕಲಿಸಿದ ಲೆಕ್ಕ. ಮಂಗಳವಾರ ಬೆಳಿಗ್ಗೆ ಹೇಳಲಿಕ್ಕೆ ಅವಳಿಗೆ ಬಾಯಿ ಬರಲಿಲ್ಲ.

ಇನ್ನೊಂದು. ನಿಮ್ಮ ಭಾವನ ಮೇಲೆ ಬರೆದೆಯಲ್ಲ. ಜೀವ ಹೋದ ಸ್ವಲ್ಪ ಹೊತ್ತಿಗೆ ಅವರೇ ಬಂದು ನನ್ನನ್ನು ಪಕ್ಕಕ್ಕೆ ಕರೆದರು. 'ಕಡೂರಿಂದ ಫ್ರೀಜರ್ ಬಾಕ್ಸ್ ತರುಸ್ಲಾ? ಅದ್ರಾಗೆ ಮಲಗಿಸಿದ್ರೆ ಎಲ್ಡು ದಿನ ಮೂರು ದಿನ ಇಡಬೌದು' ಅಂದರು. ಮಲಗಿಸಿದರೆ ಮೈ ಮರಗಟ್ಟುತ್ತದೆ, ಮತ್ತೆ ಕೂರಿಸಲು ಬರುವುದಿಲ್ಲ. ನಮ್ಮಲ್ಲಿ ಕೂರಿಸದೆ ಮಣ್ಣು ಮಾಡುವುದು ಎಂಥ ಮಾತು ಅಂತ ನಿನಗೆ ಗೊತ್ತು. ಮಲಗಿಸಿ ಮುಚ್ಚಿದರು ಅಂತ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಪ್ಪನ ಪಕ್ಕದಲ್ಲಿ ಲಿಂಗ ಹಿಡಿದು ಕೂರಬೇಕು ಅನ್ನುವುದು ಅವ್ವನ ಆಸೆ. ನಾನು ಅರ್ಧ ನಿಮಿಷ ಯೋಚನೆ ಮಾಡಿದೆ. ಹೊರಟೆ ಅಂತ ನಿನ್ನ ಮೆಸೇಜು ಅಷ್ಟು ಹೊತ್ತಿಗೆ ಬಂದಿತ್ತು. ಹದಿನಾಲ್ಕು ಗಂಟೆ ತಾನೆ, ಮೇಲೆ ಬೆಂಗಳೂರಿನಿಂದ ಐದು ಗಂಟೆ, ಬುಧವಾರ ಕೋಳಿ ಕೂಗುವ ಹೊತ್ತಿಗೆ ಬಂದೇ ಬರುತ್ತಾಳೆ. ಬಾಕ್ಸ್ ಬೇಡ, ಕೂರಿಸಿ ಅಂದೆ. ಹೇಳಿದ್ದು ನಾನು. ನಿಮ್ಮ ಭಾವನಲ್ಲ, ದೊಡ್ಡಪ್ಪನಲ್ಲ.

ಫೋನು ಆಫ್ ಇದ್ದದ್ದಕ್ಕೆ ವಿಮಾನದಲ್ಲಿದ್ದಾಳೆ ಅಂತ ಎಲ್ಲರಿಗೂ ಹೇಳಿದೆ. ಬೆಳಗಾಯಿತು. ರಸ್ತೆಯಲ್ಲಿ ಯಾವ ಕಾರು ಬಂದರೂ ಎದ್ದು ಹೋದೆ. ಹತ್ತು ಗಂಟೆ ಆಯಿತು, ಹನ್ನೆರಡು ಆಯಿತು. 'ಹದಿನಾಕು ಗಂಟೆ ಅಂತ ನಿಮ್ಮವ್ವ ಊರಿಗೆಲ್ಲ ಸಾರಿದ್ಲು, ಎಲ್ಲಮ್ಮಾ' ಅಂತ ದೊಡ್ಡಪ್ಪ ಎಲ್ಲರೆದುರು ಕೇಳಿದರು. ಅವ್ವನ ಮುಖ ನೋಡಿದೆ. ಅದು ಬದಲಾಗಲು ಶುರುವಾಗಿತ್ತು. ಆಗ ಸರಿ, ಮುಗಿಸಿ ಅಂತ ತಲೆ ಆಡಿಸಿದೆ.

ನಿಮ್ಮ ಭಾವ ನಿಶ್ಚಿತಾರ್ಥಕ್ಕೆ ಹೋಗಿದ್ದರು, ನಿಜ. ಹೋಗಿ ಮುಖ ತೋರಿಸಿ, ಎಲೆ ಮುಂದೆ ಕೂರದೆ ಬಂದರು. ನಾನು ಹೋಗಲಿಲ್ಲ.

ಸುಸ್ತಾಗಿತ್ತು ಅಂದೆಯಲ್ಲ. ಆಗಿತ್ತು. ಆದರೂ ಬೇಗ ಮುಗಿಯಲಿ ಅಂದುಕೊಂಡವಳಲ್ಲ. ಆ ಮಾತನ್ನು ನೀನು ಹಿಂದಕ್ಕೆ ತಗೊಂಡರೂ ಅದು ನನ್ನಲ್ಲೇ ಇರುತ್ತದೆ.

ಸೌಮ್ಯ

—

ಅಜ್ಜಂಪುರ
ಯುಗಾದಿ, 30 ಮಾರ್ಚ್ 2025

ದೀಪು,

ನನ್ನ ಕಾಗದ ಸೇರಿತೋ ಇಲ್ಲವೋ ಗೊತ್ತಿಲ್ಲ. ಅಂಚೆ ಕಚೇರಿಯಲ್ಲಿ ಕೇಳಿದೆ. ನ್ಯೂಜಿಲೆಂಡಿಗೆ ಮೂರು ವಾರ ಆಗುತ್ತದೆ, ಒಮ್ಮೊಮ್ಮೆ ನಾಲ್ಕು ಅಂದರು. ಅವರಾದರೂ ಇದ್ದದ್ದು ಇದ್ದ ಹಾಗೆ ಹೇಳಿದರು. ಡಿಸೆಂಬರಿನಲ್ಲಿ ಹಾಕಿದ್ದು ಸೇರದೆ ಇರಲಿಕ್ಕಿಲ್ಲ.

ಅದನ್ನು ಬರೆದ ಮೇಲೆ ನನಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಬರೆಯಬಾರದಿತ್ತು ಅಂತಲೂ ಅನ್ನಿಸಿತು. ಆದರೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಹಾಗಾಗಿ ತಪ್ಪಾಯಿತು ಅಂತ ಬರೆಯಲು ಬರುವುದಿಲ್ಲ.

ಇವತ್ತು ಬೇವು ಬೆಲ್ಲ ಮಾಡಿದೆ. ಅವ್ವ ಇದ್ದಾಗ ಬೇವು ಯಾರಿಗೂ ಬಾಯಿಗೆ ಸಿಗದ ಹಾಗೆ ಮಾಡುತ್ತಿದ್ದಳು, ಬರೀ ಬೆಲ್ಲ. ನನಗೆ ಆ ಕೈ ಬಂದಿಲ್ಲ. ಶ್ರುತಿ ಉಗುಳಿದಳು.

ದೊಡ್ಡಪ್ಪ ಬಂದಿದ್ದರು. ಶ್ರಾವಣಕ್ಕೆ ವರ್ಷ, ಅಷ್ಟರಲ್ಲಿ ಗದ್ದುಗೆ ಕಟ್ಟಿಸಲೇಬೇಕು ಅಂತಾರೆ. ಮಳೆಗೆ ಮಣ್ಣು ಕುಸಿದು ಅಪ್ಪನ ಕಡೆಗೆ ವಾಲಿದೆ, ಅದು ನಿಜ. ಹಂದಿ ಕೆದಕುತ್ತವೆ, ಅದೂ ನಿಜ. ಜುಲೈವರೆಗೆ ತಡೆಯುತ್ತೇನೆ ಅಂದಿದ್ದೇನೆ. ಅದಾದ ಮೇಲೆ ನನ್ನ ಮಾತು ನಡೆಯುವುದಿಲ್ಲ. ಹೆಣ್ಣುಮಕ್ಕಳ ಮಾತು ಎಷ್ಟು ದಿನ ನಡೆಯುತ್ತದೆ ಅಂತ ನಿನಗೂ ಗೊತ್ತು.

ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ನಮ್ಮ ಮನೆಗೆ ಕಾಲಿಡಬೇಕಾಗಿಲ್ಲ. ಕಡೂರಿನಲ್ಲೇ ಇಳಿದುಕೊಂಡು, ತೋಟಕ್ಕೆ ಹೋಗಿ, ಒಂದು ಹಿಡಿ ಹಾಕಿ ಹೋಗು. ನಾನು ಅವತ್ತು ಅಲ್ಲಿ ಇರುವುದಿಲ್ಲ, ಬೇಕಾದರೆ.

ಅಕ್ಕ

—

ಆಶ್‌ಬರ್ಟನ್
22 ಜೂನ್ 2025

ಅಕ್ಕ,

ಎರಡೂ ಕಾಗದ ಸೇರಿವೆ. ಡಿಸೆಂಬರಿನದನ್ನು ಜನವರಿಯಲ್ಲಿ ಓದಿದೆ. ಅದಾದ ಮೇಲೆ ಬರೆಯಲು ಕೂತಾಗಲೆಲ್ಲ ಹಾಲು ಕರೆಯುವ ಹೊತ್ತಾಗುತ್ತಿತ್ತು. ಆಗದಿದ್ದರೂ ಎದ್ದು ಹೋಗುತ್ತಿದ್ದೆ.

ನೀನು ಎರಡು ಸಲ ಕೇಳಲಿಲ್ಲ, ಒಂದೇ ಸಲ ಕೇಳಿದೆ, ಹೊರಟೆ ಅಂದಾಗ ಎಲ್ಲಿದ್ದೆ ಅಂತ. ಹೇಳುತ್ತೇನೆ. ಕರುಗಳ ಶೆಡ್ಡಿನ ಬಾಗಿಲಲ್ಲಿದ್ದೆ. ಗಮ್‌ಬೂಟು ಕೂಡ ಬಿಚ್ಚಿರಲಿಲ್ಲ. ಕೈಯೆಲ್ಲ ಗಿಣ್ಣು ಹಾಲು. ನಿನ್ನ ಮೆಸೇಜು ಓದಿದೆ, ಆ ಕೈಯಲ್ಲೇ ಹೊರಟೆ ಅಂತ ಒತ್ತಿದೆ. ಆಮೇಲೆ ಫೋನು ಆಫ್ ಮಾಡಿದೆ. ಬ್ಯಾಟರಿ ಹೋಗಿರಲಿಲ್ಲ, ವಿಮಾನವೂ ಹತ್ತಿರಲಿಲ್ಲ. ನಾನೇ ಆಫ್ ಮಾಡಿದ್ದು. ನೀನು ಫೋನು ಮಾಡಿ ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳುತ್ತಿದ್ದೆ. ಅದಕ್ಕೆ.

ಆ ಕೆಂಪು ಗೆರೆ ಇದೆಯಲ್ಲ, ಅದರ ಮೇಲೆ ವಿಮಾನವೇ ಹಾರುವುದಿಲ್ಲ, ಅಕ್ಕ. ಅದು ಎಲ್ಲೂ ಇಳಿಯದೆ ನೆಟ್ಟಗೆ ಹಾರಿದರೆ ಇಷ್ಟು ಅನ್ನುವ ಲೆಕ್ಕ, ಅಷ್ಟೇ. ಹಾಗೆ ಹಾರುವ ವಿಮಾನ ಇಲ್ಲ. ಸಿಂಗಪುರದಲ್ಲಿ ಇಳಿಯಬೇಕು, ಅಲ್ಲಿ ಕಾಯಬೇಕು, ಇನ್ನೊಂದನ್ನು ಹತ್ತಬೇಕು. ಅದಕ್ಕೂ ಮೊದಲು ಸೀಟು ಸಿಗಬೇಕು. ಅವತ್ತು ರಾತ್ರಿ ಸೀಟಿರಲಿಲ್ಲ. ಏರ್‌ಪೋರ್ಟಿನ ಬೆಂಚಿನ ಮೇಲೆ ರಾತ್ರಿ ಕಳೆದು ಮಾರನೇ ದಿನ ಹತ್ತಿದೆ. ನಿಮ್ಮಲ್ಲಿ ಅವ್ವನನ್ನು ಗೋಡೆಗೆ ಒರಗಿಸಿ ವಿಮಾನದಲ್ಲಿದ್ದಾಳೆ ಅಂತ ಹೇಳುತ್ತಿದ್ದಾಗ ನಾನು ಬೆಂಚಿನ ಮೇಲೆ ಕೂತಿದ್ದೆ. ಎಲ್ಲ ಸರಿಹೋದರೂ ನನ್ನ ಬಾಗಿಲಿಂದ ನಿನ್ನ ಬಾಗಿಲಿಗೆ ಎರಡು ದಿನದ ದಾರಿ. ಇದು ನನಗೆ ಮೊದಲ ಸಲ ಟಿಕೆಟ್ ತೆಗೆದಾಗಲೇ ಗೊತ್ತಾಗಿತ್ತು. ಅವ್ವನಿಗೆ ಹೇಳಲಿಲ್ಲ. ಉಂಡು ಮಲಗುತ್ತಿದ್ದಳಲ್ಲ, ಹಾಗೇ ಇರಲಿ ಅಂದುಕೊಂಡೆ. ಭಾನುವಾರ ಫೋನಿನಲ್ಲಿ 'ಹದಿನಾಕು ಗಂಟೆ ತಾನೇ ಮಗ' ಅಂದಾಗಲೆಲ್ಲ ಹ್ಞೂಂ ಅಂದೆ. ಇಷ್ಟು ಹತ್ತಿರ ಇದ್ದೂ ಯಾಕೆ ಬರುವುದಿಲ್ಲ ಅಂತ ಅವಳು ಒಂದು ದಿನವೂ ಕೇಳಲಿಲ್ಲ. ನಿನ್ನ ಕಾಗದ ಓದುವವರೆಗೆ ನನಗೆ ಅದು ಹೊಳೆದೇ ಇರಲಿಲ್ಲ.

ಅವಳು ಆ ಲೆಕ್ಕ ಹಿಡಿದುಕೊಂಡು ನನ್ನನ್ನು ಕರೆಯಲು ಬಿಡಲಿಲ್ಲ ಅಂತ ಬರೆದಿದ್ದೀಯ. ಅದನ್ನು ನೀನು ಬರೆಯದೇ ಇದ್ದಿದ್ದರೆ ನಾನು ನಿನ್ನನ್ನು ದ್ವೇಷ ಮಾಡಿಕೊಂಡು ಹೇಗೋ ಬದುಕುತ್ತಿದ್ದೆ. ಈಗ ಅದೂ ಇಲ್ಲ.

ಆದರೆ ನೀನೂ ಒಂದು ಹೇಳು. ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ನಿಜ ಹೇಳಿದ್ದರೆ ಏನಾಗುತ್ತಿತ್ತು? ಗುರುವಾರ ಬರುತ್ತೇನೆ ಅಂದಿದ್ದರೆ ಯಾರು ಕಾಯುತ್ತಿದ್ದರು? ದೊಡ್ಡಪ್ಪನಾ? ಅಯ್ಯನವರಾ? ಅವಳು ಬರೋದು ಆಗದ ಮಾತು, ಮುಗಿಸಿ ಅಂತ ಮಂಗಳವಾರ ಸಂಜೆಯೇ ಮುಗಿಸುತ್ತಿದ್ದರು. ಮಲಗಿಸಿ ಇಡಿ ಅಂತ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು? ಹೊರಟೆ ಅಂದರೆ, ಇಗೋ ಬಂದಳು ಅಗೋ ಬಂದಳು ಅಂತ ಆಸೆಗಾದರೂ ಕಾಯುತ್ತೀರಿ ಅಂದುಕೊಂಡೆ. ನನಗೆ ಬೇರೆ ದಾರಿ ಇರಲಿಲ್ಲ. ಇದ್ದಿದ್ದರೆ ಹೇಳು.

ನಾನು ಬರುವುದಿಲ್ಲ. ಆಗಸ್ಟಿನಲ್ಲಿ ರಜೆ ಕೊಡುವುದಿಲ್ಲ ಇವರು. ಕೊಟ್ಟರೂ ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಹಾಕಲಿ ಆ ಮಣ್ಣನ್ನು? ಗದ್ದುಗೆ ಕಟ್ಟಿಸಿಬಿಡು.

ನಿನ್ನ ನಂಬರ್ ತೆರೆದಿದ್ದೇನೆ. ನೀನು ಮಾತ್ರ ಫೋನು ಮಾಡಬೇಡ.

ದೀಪು

—

ಅಜ್ಜಂಪುರ
17 ಆಗಸ್ಟ್ 2025

ದೀಪು,

ಹಳೆಯ ಹೆಸರಿಗೇ ಬಂದೆಯಲ್ಲ, ಸದ್ಯ. ಫೋನು ಮಾಡಬೇಡ ಅಂದಿದ್ದೀಯ, ಮಾಡುವುದಿಲ್ಲ. ನಿನ್ನ ಕಾಗದ ನಿಧಾನವಾಗಿ ಬಂತು, ನಾನೂ ನಿಧಾನವಾಗಿ ಓದಿದೆ.

ಗದ್ದುಗೆ ಆಯಿತು. ಮೊನ್ನೆ ಗುರುವಾರ ಗಾರೆಯವರು ಮುಗಿಸಿದರು. ಅಪ್ಪನದಕ್ಕೂ ಇದಕ್ಕೂ ಸೇರಿಸಿ ಒಂದೇ ಕಟ್ಟೆ, ಮೇಲೆ ಕಪ್ಪು ಕಲ್ಲು. ಕಲ್ಲು ಕೂರಿಸುವ ಮೊದಲು ದೊಡ್ಡಪ್ಪ, 'ಕಿರಿಯೋಳ್ದೂ ನೀನೇ ಒಂದು ಹಿಡಿ ಹಾಕ್ಬಿಡು ಸೌಮ್ಯ, ಎಲ್ಲಾ ಒಂದೇಯ' ಅಂದರು. ಮಣ್ಣನ್ನು ಕೈಯಲ್ಲಿ ತಗೊಂಡೆ. ಹಾಕಲು ಮನಸ್ಸು ಬರಲಿಲ್ಲ. ನಿನ್ನ ಪರವಾಗಿ ಎಷ್ಟು ಮಾತಾಡಿದ್ದೇನೆ, ಎಷ್ಟು ಹೇಳಿದ್ದೇನೆ, ಅದೊಂದನ್ನು ಮಾಡಲಾರೆ ಅನ್ನಿಸಿತು. ತೆಂಗಿನ ಬುಡಕ್ಕೆ ಹಾಕಿ ಕೈ ತೊಳೆದುಕೊಂಡೆ. ಅವ್ವನಿಗೆ ಒಂದೇ ಹಿಡಿ ಬಿದ್ದದ್ದು. ಅದು ಹಾಗೇ ಉಳಿಯಿತು.

ನಿಜ ಹೇಳಿದ್ದರೆ ಯಾರು ಕಾಯುತ್ತಿದ್ದರು ಅಂತ ಕೇಳಿದ್ದೀಯ.

ನಾನು ಕಾಯುತ್ತಿದ್ದೆ.

ಗುರುವಾರ ಅಂತ ಒಂದೇ ಒಂದು ಮಾತು ಹಾಕಿದ್ದರೆ ಸಾಕಿತ್ತು. ನಿಮ್ಮ ಭಾವ ಫೋನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ತರಿಸಿ ಅನ್ನುತ್ತಿದ್ದೆ. ಮಲಗಿಸುತ್ತಿದ್ದೆ. ದೊಡ್ಡಪ್ಪ ಬೈಯುತ್ತಿದ್ದರು, ಅಯ್ಯನವರು ಎದ್ದು ಹೋಗುತ್ತಿದ್ದರು, ಹೋಗಲಿ. ಅವ್ವ ಅಪ್ಪನ ಪಕ್ಕ ಕೂರದೆ ಮಲಗುತ್ತಿದ್ದಳು, ಮೂರು ತಲೆಮಾರು ಆಡಿಕೊಳ್ಳಲಿ. ಅವಳು ಕೇಳಿದ್ದು ಎರಡು. ಕೂರಬೇಕು, ಮತ್ತೆ ನಮ್ಮಿಬ್ಬರ ಮಣ್ಣು ಬೀಳಬೇಕು. ಎರಡರಲ್ಲಿ ಯಾವುದು ದೊಡ್ಡದು ಅಂತ ನನ್ನನ್ನು ಯಾರಾದರೂ ಕೇಳಿದ್ದರೆ ನನಗೆ ಗೊತ್ತಿತ್ತು. ಆದರೆ ಆರಿಸಬೇಕಾಗಿದೆ ಅಂತಲೇ ನೀನು ನನಗೆ ತಿಳಿಸಲಿಲ್ಲ. ಎರಡೂ ಆಗುತ್ತದೆ ಅಂತ ನಂಬಿಸಿದೆ. ನಮ್ಮ ಮನೆಯಲ್ಲಿ ಅಂಥ ಧೈರ್ಯ ಯಾರಿಗಿತ್ತು ಅಂತ ಬರೆದಿದ್ದೀಯಲ್ಲ, ದೀಪು, ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳ ಬಗ್ಗೆ ನಿನಗೆ ತಿಳಿದದ್ದು ಅಷ್ಟೇನಾ?

ಆ ಕೆಂಪು ಗೆರೆಯ ಪುಟ ಮಾಡಿದವರ ತಪ್ಪೇನೂ ಇಲ್ಲ. ಅವರು ಗೆರೆ ಎಳೆದು ಲೆಕ್ಕ ಹಾಕಿಟ್ಟಿದ್ದಾರೆ. ಬಾ ಅಂತಲೂ ಹೇಳಿಲ್ಲ, ಬರುತ್ತಾಳೆ ಅಂತಲೂ ಹೇಳಿಲ್ಲ.

ವರ್ಷದ ಕಾರ್ಯ ಆದ ಮೇಲೆ ಮನೆಗೆ ಬಂದು ನಿಮ್ಮ ಭಾವನನ್ನೂ ಶ್ರುತಿಯನ್ನೂ ಎದುರಿಗೆ ಕರೆದು ಒಂದು ಮಾತು ಹೇಳಿದ್ದೇನೆ. ನನಗೇನೂ ಆಗಿಲ್ಲ, ಗಾಬರಿ ಬೀಳಬೇಡ. ಸಕ್ಕರೆ ಸ್ವಲ್ಪ ಜಾಸ್ತಿ ಇದೆ, ಈ ಬೀದಿಯಲ್ಲಿ ಯಾರಿಗಿಲ್ಲ. ನನ್ನ ಹೊತ್ತು ಬಂದಾಗ ನನ್ನನ್ನು ಕೂರಿಸಬೇಡಿ ಅಂದೆ. ಕಡೂರಿನಿಂದ ಬಾಕ್ಸ್ ತರಿಸಿ ಮಲಗಿಸಿ, ದೀಪು ಬಂದ ಮೇಲೆ ಹಾಗೇ ಮಲಗಿಸಿಯೇ ಮುಚ್ಚಿ ಅಂದೆ. ನಿಮ್ಮ ಭಾವ ಎದ್ದು ನಿಂತರು. 'ಏನ್ ಮಾತಾಡ್ತಿದೀಯೆ, ನಮ್ಮೋರಾಗೆ ಮಲಗ್ಸದುಂಟಾ, ನಾಳೆ ಜನ ನನ್ ಮಕಕ್ಕೆ ಉಗಿಯಲ್ವಾ' ಅಂದರು. ಉಗಿಯಲಿ, ಒರೆಸಿಕೊಳ್ಳಿ ಅಂದೆ. ಶ್ರುತಿಯ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೇನೆ. ಅವಳು ಮಾಡುತ್ತಾಳೆ, ನನ್ನ ಹಟ ಅವಳಿಗೆ ಬಂದಿದೆ.

ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಹೋಗುತ್ತದೆ ಅಂತಲೂ ಅನ್ನಿಸುವುದಿಲ್ಲ. ಆದರೂ ನನ್ನ ಹೊತ್ತು ಬಂದ ದಿನ ಶ್ರುತಿ ಮೆಸೇಜು ಹಾಕಿದಾಗ ನೀನು ಶೆಡ್ಡಿನ ಬಾಗಿಲಲ್ಲಿ ನಿಂತು ಸುಳ್ಳು ಬರೆಯಬೇಕಾಗಿಲ್ಲ. ಬೂಟು ಬಿಚ್ಚು, ಕೈ ತೊಳೆದುಕೋ, ಸೀಟು ಸಿಕ್ಕಿದ ದಿನ ಹೊರಡು. ನಾನು ಮಲಗಿರುತ್ತೇನೆ.

ನಿನ್ನ ಅಕ್ಕ
ಸೌಮ್ಯ